ಮಣಿಪಾಲದ ಮಳೆ, ಸೊಲ್ಲಾಪುರದ ಬಿಸಿಲು

ಜುಲೈ ಬಂತೆಂದರೆ ನಮ್ಮ ಮುಂಬೈ, ಪುಣೆ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: ನೀಟ್‌ನಲ್ಲಿ ಎಷ್ಟು ಬಂತು, ಯಾವ ಕಾಲೇಜು ಸಿಗಬಹುದು? ಈ ವರ್ಷ ಆ ಮಾತು ಡೊಂಬಿವಲಿಯ ನಮ್ಮ ಅಕ್ಕನ ಮನೆಗೂ ಬಂತು. ಅಕ್ಕನ ಮಗಳು ಹನ್ನೆರಡನೇ ಕ್ಲಾಸು ಮುಗಿಸಿ ಒಂದು ವರ್ಷ ಲಾತೂರಿನಲ್ಲಿ ರಿಪೀಟರ್ ಆಗಿ ಕೂತವಳು. ಎರಡನೇ ಸಲ ಒಳ್ಳೆಯ ಅಂಕವೇ ಬಂತು. ಹಿಂದಿನ ವರ್ಷಗಳ ಕಟ್‌ಆಫ್ ಹಿಡಿದು ನೋಡಿದರೆ ಎರಡು ಸೀಟು ಕೈಗೆ ಎಟುಕುವಂತಿದ್ದವು. ಒಂದು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಇನ್ನೊಂದು ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜು.

ಇದರಲ್ಲಿ ಒಂದು ತಮಾಷೆ ಇದೆ, ಹೊರನಾಡಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಮುಂಬೈಯಲ್ಲಿ ಹುಟ್ಟಿ ಓದಿದ ಮಗುವಿಗೆ ಮಹಾರಾಷ್ಟ್ರದ ಸರ್ಕಾರಿ ಕಾಲೇಜುಗಳ ಶೇಕಡಾ 85 ಸೀಟುಗಳ ಪಟ್ಟಿಯಲ್ಲಿ ಜಾಗ. ಕರ್ನಾಟಕದ ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ಅಲ್ಲೇ ಓದಿರಬೇಕು, ಇಲ್ಲವಾದರೆ ಅಖಿಲ ಭಾರತ ಕೋಟಾದ ಶೇಕಡಾ 15ರಲ್ಲಿ ದೇಶದವರೆಲ್ಲರ ಜೊತೆ ನಿಲ್ಲಬೇಕು. ಅದೂ ಆಗದಿದ್ದರೆ ಡೀಮ್ಡ್ ವಿಶ್ವವಿದ್ಯಾಲಯದ ದರ ಕೊಟ್ಟು ಕನ್ನಡದ ನೆಲಕ್ಕೆ ಹೋಗಬೇಕು. ಇಂಡಿ ತಾಲ್ಲೂಕಿನ ಮೂಲದ ಹುಡುಗಿಗೆ ಕರ್ನಾಟಕ ತುಟ್ಟಿ, ಮಹಾರಾಷ್ಟ್ರ ಅಗ್ಗ.

ಎಷ್ಟು ತುಟ್ಟಿ ಎಂಬುದನ್ನು ಭಾವ ಕಾಲನಿರ್ಣಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. ಮಣಿಪಾಲದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 18 ಲಕ್ಷ ಫೀ, ನಾಲ್ಕೂವರೆ ವರ್ಷ. ಮೇಲೆ ಹಾಸ್ಟೆಲ್, ಮೆಸ್, ಪುಸ್ತಕ, ಇಂಟರ್ನ್‌ಶಿಪ್ ವರ್ಷದ ಖರ್ಚು. ಒಟ್ಟು 90 ಲಕ್ಷ ದಾಟುತ್ತದೆ. ಸೊಲ್ಲಾಪುರದಲ್ಲಿ ಫೀ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು, ಊಟ ವಸತಿ ಎಲ್ಲ ಸೇರಿದರೂ ಇಡೀ ಓದು 15 ಲಕ್ಷದೊಳಗೆ. ಅದರ ಬದಲಿಗೆ ಒಂದು ವರ್ಷ ಸರ್ಕಾರಿ ಸೇವೆಯ ಬಾಂಡ್, ತಪ್ಪಿಸಿದರೆ 10 ಲಕ್ಷ ದಂಡ. ಭಾವನ ಕೆಲಸ ಇನ್ನು ಆರು ವರ್ಷ. ಕ್ಯಾಲೆಂಡರಿನ ಕೆಳಗಿನ ಮೂಲೆಯಲ್ಲಿ ಇನ್ನೊಂದು ಲೆಕ್ಕವೂ ಇತ್ತು: 60 ಲಕ್ಷ ಸಾಲ, ಹತ್ತು ಪರ್ಸೆಂಟ್ ಬಡ್ಡಿ, ಹದಿನೈದು ವರ್ಷ, ತಿಂಗಳ ಕಂತು 64 ಸಾವಿರ ಚಿಲ್ಲರೆ. ಉಳಿದ 30 ಲಕ್ಷದ ಎದುರಿಗೆ ಏನೂ ಬರೆದಿರಲಿಲ್ಲ. ಊರಿನ ನಿಂಬೆ ತೋಟ ಎಂದು ನಮಗೆಲ್ಲ ಗೊತ್ತಿತ್ತು.

ಅಕ್ಕನ ವಾದವೇ ಬೇರೆ. "ಲಾತೂರಾಗ ಒಂದು ವರ್ಷ ನಗೋದು ಮರ್ತಿತ್ತು ಕೂಸು. ಇನ್ನು ಐದೂವರೆ ವರ್ಷ ಅಕಿ ಖುಷಿಲೇ ಇರಬೇಕು. ರೊಕ್ಕ ಹೆಂಗರೆ ಬರ್ತದ." ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಲಾತೂರಿನಿಂದ ರಾತ್ರಿ ಫೋನ್ ಮಾಡಿ ಏನೂ ಮಾತಾಡದೆ ಬರೀ ಉಸಿರಾಡುತ್ತಿದ್ದ ಹುಡುಗಿಯನ್ನು ನಾನೂ ಕೇಳಿದ್ದೇನೆ. ಹಾಗಾಗಿ ಆಯ್ಕೆಪಟ್ಟಿ ತುಂಬುವ ಮೊದಲು ಎರಡೂ ಊರು ನೋಡಿ ಬರೋಣ ಎಂದು ನಾವಿಬ್ಬರು ಹೊರಟೆವು, ಸೋದರಮಾವ ಮತ್ತು ಸೊಸೆ.

ಮೊದಲು ಮಣಿಪಾಲ. ಕುರ್ಲಾದಲ್ಲಿ ಮಧ್ಯಾಹ್ನ ಮತ್ಸ್ಯಗಂಧಾ ಹತ್ತಿದರೆ ರತ್ನಾಗಿರಿಯ ತನಕ ಕಿಟಕಿಯಿಂದ ಕಣ್ಣು ತೆಗೆಯಲಾಗದು. ಮಳೆಗಾಲದಲ್ಲಿ ಕೊಂಕಣ ರೈಲು ಬೇರೆಯೇ ವೇಳಾಪಟ್ಟಿಯಲ್ಲಿ ನಿಧಾನವಾಗಿ ಓಡುತ್ತದೆ. ಸುರಂಗ ಮುಗಿದರೆ ಜಲಪಾತ, ಜಲಪಾತ ಮುಗಿದರೆ ಸುರಂಗ. ಬೆಳಗಿನ ಜಾವ ಉಡುಪಿಯಲ್ಲಿ ಇಳಿದಾಗ ಧೋ ಎಂದು ಸುರಿಯುತ್ತಿತ್ತು. ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಅಲ್ಲಿಂದ ಮಣಿಪಾಲದ ಗುಡ್ಡ ಮೂರ್ನಾಲ್ಕು ಕಿಲೋಮೀಟರ್.

ಈ ಗುಡ್ಡದ ಕಥೆ ಓದಿದವರಿಗೆ ಅದು ಇಂದಿಗೂ ಅಚ್ಚರಿಯೇ. ಮಣ್ಣಪಳ್ಳ ಎಂಬ ಕೆರೆಯ ಹೆಸರಿನಿಂದ ಮಣಿಪಾಲ ಆಯಿತು ಎನ್ನುತ್ತಾರೆ, ಕೆರೆ ಈಗಲೂ ಇದೆ. ಮುರಕಲ್ಲಿನ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಖಾಸಗಿಯಾಗಿ, ವಿದ್ಯಾರ್ಥಿಗಳ ಶುಲ್ಕದ ಮೇಲೆಯೇ ನಡೆಯುವ ಮೆಡಿಕಲ್ ಕಾಲೇಜು ಎಂಬ ಕಲ್ಪನೆಯೇ ದೇಶಕ್ಕೆ ಹೊಸದು ಆಗ. ಅದೇ ಪೈಗಳು ಅದಕ್ಕೂ ಮೊದಲು, 1928ರಲ್ಲಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿ ಶುರುಮಾಡಿದ ಬ್ಯಾಂಕಿನವರು. ಎರಡಾಣೆ ಉಳಿಸುವವರನ್ನು ಕಂಡವರು ಕಟ್ಟಿದ ಊರಿನಲ್ಲಿ ಈಗ ಫೀ ಲಕ್ಷಗಳಲ್ಲಿದೆ. ಇದು ಆ ಊರಿನ ಮೇಲಿನ ದೂರಲ್ಲ, ದೇಶದ ತುಂಬ ಖಾಸಗಿ ವೈದ್ಯಕೀಯ ಓದಿನ ದರವೇ ಹೀಗೆ ಆಗಿದೆ.

ಶನಿವಾರ ಬೆಳಿಗ್ಗೆ ಅಂಗರಚನಾಶಾಸ್ತ್ರದ ಮ್ಯೂಸಿಯಂ ನೋಡಿದೆವು. ಟಿಕೆಟ್ ತೆಗೆದು ಯಾರು ಬೇಕಾದರೂ ನೋಡಬಹುದು, ನೀವೂ ಆ ಕಡೆ ಹೋದರೆ ಬಿಡಬೇಡಿ. ಗಾಜಿನ ಜಾಡಿಗಳಲ್ಲಿ ಹೃದಯ, ಶ್ವಾಸಕೋಶ, ಮೆದುಳು. ಸಿಗರೇಟು ಸೇದಿದವರ ಶ್ವಾಸಕೋಶದ ಮುಂದೆ ನಾನು ಸುಮ್ಮನೆ ದಾಟಿಹೋದೆ. ಸೊಸೆ ಮಾತ್ರ ಒಂದೊಂದು ಜಾಡಿಯ ಮುಂದೆ ಐದೈದು ನಿಮಿಷ. ಪುಸ್ತಕದಲ್ಲಿ ಕೆಂಪು, ನೀಲಿ ಬಣ್ಣದಲ್ಲಿ ನೋಡಿದ್ದ ನಾಳಗಳು ಇಲ್ಲಿ ಒಂದೇ ಬೂದಿ ಬಣ್ಣ ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು ನೋಡಿ, ಅಕ್ಕ ಹೇಳಿದ್ದೇ ಸರಿಯೇನೋ ಅನ್ನಿಸಿತು ನನಗೆ.

ಪರಿಚಯದವರೊಬ್ಬರ ಮಗಳು, ಪುಣೆಯವಳು, ಅಲ್ಲಿ ಮೂರನೇ ವರ್ಷ. ಟೈಗರ್ ಸರ್ಕಲ್ ಹತ್ತಿರ ಗೋಳಿಬಜೆ ತಿನ್ನುತ್ತ ಮಾತಿಗೆ ಕೂತಳು. ಲೈಬ್ರರಿ, ಕ್ರೀಡಾಂಗಣ, ದೇಶದ ಎಲ್ಲ ಮೂಲೆಯ ಗೆಳೆಯರು, ರಾತ್ರಿ ಹನ್ನೊಂದಕ್ಕೂ ನಡೆದಾಡುವ ರಸ್ತೆ, ಎಲ್ಲ ಹೇಳಿದಳು. ಸುಳ್ಳೇನಿಲ್ಲ, ನಾವೂ ಕಣ್ಣಾರೆ ಕಂಡೆವು. ರೋಗಿಗಳ ಜೊತೆ ಹೇಗೆ ಮಾತಾಡುತ್ತೀ ಎಂದು ಸೊಸೆ ಕೇಳಿದಳು. ಕಸ್ತೂರ್ಬಾ ಆಸ್ಪತ್ರೆಗೆ ಶಿವಮೊಗ್ಗ, ಹಾವೇರಿ ಕಡೆಯಿಂದಲೂ ಜನ ಬರುತ್ತಾರಂತೆ, ಆದರೆ ಸುತ್ತಲಿನವರು ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ. ಆ ಹುಡುಗಿ ಮೊದಲು ಕಲಿತ ತುಳು ಪದ 'ಬೇನೆ', ನೋವು ಅಂತ. "ಅರೆ, ನಮ್ಮ ಅಜ್ಜಿ ಬ್ಯಾನಿ ಅಂತಾರಲ್ಲ ಮಾಮಾ!" ಎಂದಳು ಸೊಸೆ.

ಸಂಜೆ ಎಂಡ್ ಪಾಯಿಂಟ್‌ಗೆ ಹೋದೆವು. ಕೆಳಗೆ ಸ್ವರ್ಣಾ ನದಿ, ದೂರದಲ್ಲಿ ಸಮುದ್ರ ಕಾಣುತ್ತದೆ ಎಂದು ಹೇಳಿ ಕರೆದುಕೊಂಡು ಹೋದದ್ದು. ಮಂಜಿನಲ್ಲಿ ಕೈಚಾಚಿದರೆ ಕೈಯೂ ಕಾಣುತ್ತಿರಲಿಲ್ಲ. ಸೊಸೆಗೆ ಅದೂ ಇಷ್ಟವಾಯಿತು.

ಮುಂದಿನ ಭಾನುವಾರ ರಾತ್ರಿ ಕಲ್ಯಾಣದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದೆವು. ವಂದೇ ಭಾರತ್ 2023ರಿಂದ ಇದೆ, ಆದರೆ ರಾತ್ರಿ ಮಲಗಿ ಬೆಳಿಗ್ಗೆ ಸೊಲ್ಲಾಪುರದಲ್ಲಿ ಏಳುವ ಅಭ್ಯಾಸ ನಮ್ಮ ಕಡೆಯವರಿಗೆ ಎರಡು ತಲೆಮಾರಿನದು. ವಿಜಯಪುರ, ಇಂಡಿಗೆ ಹೋಗುವವರು ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ಸೊಲ್ಲಾಪುರ ಯಾವತ್ತೂ ನಮಗೆ ದಾಟಿಹೋಗುವ ಊರು. ಅಲ್ಲಿ ಇಳಿದು ಉಳಿದದ್ದು ಇದೇ ಮೊದಲು.

ಜುಲೈಯಲ್ಲೂ ಒಣ ಗಾಳಿ. ಮಣಿಪಾಲದ ಹಸಿರು ಕಣ್ಣಲ್ಲಿದ್ದಾಗ ಈ ಊರಿನ ಮೊದಲ ನೋಟ ಸಪ್ಪೆ ಅನ್ನಿಸುತ್ತದೆ, ಒಪ್ಪಿಕೊಳ್ಳಬೇಕು. ಹತ್ತಿ ಗಿರಣಿಗಳ ಕಾಲ ಮುಗಿದಿದೆ. ಓಣಿಗಳಲ್ಲಿ ಪವರ್‌ಲೂಮಿನ ಸದ್ದು ಉಳಿದಿದೆ. ತೆಲುಗು ಮಾತಾಡುವ ಪದ್ಮಶಾಲಿ ನೇಕಾರರು, ಬೀಡಿ ಕಟ್ಟುವ ಹೆಂಗಸರು, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ಕನ್ನಡದವರು. ಮರಾಠಿ ಎಲ್ಲರಿಗೂ ಬರುತ್ತದೆ, ಮನೆಮಾತು ಮೂರಾಗಿ ಒಡೆಯುತ್ತದೆ. 1963ರಲ್ಲಿ ಶುರುವಾದ ಕಾಲೇಜಿಗೆ ಹೊಂದಿಕೊಂಡ ದೊಡ್ಡ ಆಸ್ಪತ್ರೆಯನ್ನು ಜನ ಇಂದಿಗೂ ಕರೆಯುವುದು 'ಸಿವಿಲ್' ಎಂದೇ.

ಸೋಮವಾರ ಬೆಳಿಗ್ಗೆ ಹೊರರೋಗಿಗಳ ವಿಭಾಗ. ಕಾಲೇಜು ನೋಡಲು ಭಾನುವಾರ ಹೋಗುವವರಿಗೆ ನನ್ನ ಮಾತು ಇಷ್ಟೇ: ವಾರದ ದಿನ ಹೋಗಿ, ಚೀಟಿ ಮಾಡಿಸುವ ಕಿಟಕಿಯ ಹತ್ತಿರ ಒಂದು ಗಂಟೆ ಕೂತು ನೋಡಿ. ಕಟ್ಟಡ ಹೇಳದಿರುವುದನ್ನು ಆ ಸಾಲು ಹೇಳುತ್ತದೆ. ನಾವು ಕೂತಿದ್ದ ಬೆಂಚಿನಲ್ಲೇ ಇಳಕಲ್ ಸೀರೆಯ ಒಬ್ಬ ಮುದುಕಿ, ಕೈಯಲ್ಲಿ ಕೇಸ್ ಪೇಪರ್. ಸೊಸೆಯ ಕಡೆ ತಿರುಗಿ, "ಯವ್ವಾ, ಎಕ್ಸ್‌ರೇ ಎಲ್ಲಿ ತಗೀತಾರ?" ಎಂದರು. ಮಹಾರಾಷ್ಟ್ರದ ಸರ್ಕಾರಿ ಆಸ್ಪತ್ರೆಯಲ್ಲಿ, ನಮ್ಮ ಅಜ್ಜಿಯ ಬಾಯಿಂದ ಬಂದಂಥದೇ ಮಾತು.

"ಗೊತ್ತಿಲ್ರೀ ಆಯಿ. ತಡೀರಿ, ಕೇಳ್ಕೊಂಡ್ ಬರ್ತೀನಿ" ಎಂದು ಎದ್ದಳು. ಸೆಕ್ಯೂರಿಟಿಯವನನ್ನು ಮರಾಠಿಯಲ್ಲಿ ಕೇಳಿದಳು, ಮುದುಕಿಯ ಕೈಹಿಡಿದು ಕಾರಿಡಾರಿನ ಆ ತುದಿಗೆ ಹೋದಳು. ಬರುವಾಗ ಅರ್ಧ ಗಂಟೆ. ಮುದುಕಿ ಅಕ್ಕಲಕೋಟೆ ತಾಲ್ಲೂಕಿನವರು, ಮೊಣಕಾಲು ನೋವು ಎರಡು ವರ್ಷದ್ದು, ಮಗ ಪುಣೆಯಲ್ಲಿ ಡ್ರೈವರ್, ಇದಿಷ್ಟೂ ತಿಳಿದುಕೊಂಡು ಬಂದಿದ್ದಳು. "ನೋವು ಎಲ್ಲೈತಿ ಅಂತ ಡಾಕ್ಟರ್ ಮರಾಠಿಯೊಳಗ ಕೇಳಿದ್ರ 'ಇಲ್ಲೇ' ಅಂತ ಇಡೀ ಕಾಲು ತೋರಿಸ್ತಾರಂತ. ನಂಗ ಕರೆಕ್ಟ್ ಜಾಗ ತೋರಿಸಿದ್ರು" ಎಂದಳು. ಮನೆಯಲ್ಲಿ ಬಿಟ್ಟರೆ ಎಲ್ಲೂ ಬಳಸದ ಅವಳ ಕನ್ನಡಕ್ಕೆ ಹೊರಗೆ ಒಂದು ಕೆಲಸ ಸಿಕ್ಕದ್ದು ಇದೇ ಮೊದಲಿರಬೇಕು. ಕನ್ನಡ ನಾಡಿನ ಮಣಿಪಾಲಕ್ಕೆ ಹೋದರೆ ತುಳು ಕಲಿಯಬೇಕು, ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಬಂದರೆ ಅಜ್ಜಿಯ ಕನ್ನಡ ಸಾಕು. ಗಡಿ ಎಳೆದವರು ಇದನ್ನೆಲ್ಲ ಎಣಿಸಿರಲಿಕ್ಕಿಲ್ಲ.

ಮಧ್ಯಾಹ್ನ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಡಾ. ಕೋಟ್ನಿಸರ ಮನೆಗೆ ಹೋದೆವು. ದ್ವಾರಕಾನಾಥ ಕೋಟ್ನಿಸ್ 1910ರಲ್ಲಿ ಹುಟ್ಟಿದ್ದು ಇಲ್ಲಿ, ವೈದ್ಯಕೀಯ ಓದಿದ್ದು ನಮ್ಮ ಮುಂಬೈ ಪರೇಲಿನ ಜಿ.ಎಸ್. ಕಾಲೇಜಿನಲ್ಲಿ. 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಯುದ್ಧದ ನಡುವಿನ ಚೀನಾಕ್ಕೆ ಹೋದವರು ತಿರುಗಿ ಬರಲಿಲ್ಲ. 1942ರಲ್ಲಿ, 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಶಾಂತಾರಾಮರ ಸಿನಿಮಾ ನೋಡಿದ ತಲೆಮಾರಿಗೆ ಈ ಕಥೆ ಗೊತ್ತು, ಸೊಸೆಗೆ ಗೊತ್ತಿರಲಿಲ್ಲ. "ಅವರ ಮನೆಯವರು ಹೆಂಗ ಕಳಿಸಿದ್ರು ಮಾಮಾ?" ಎಂದಷ್ಟೇ ಕೇಳಿದಳು.

ಸಂಜೆ ಸಿದ್ಧೇಶ್ವರನ ಕೆರೆ. ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೇ ಶತಮಾನದಲ್ಲಿ ಕೆರೆ ಕಟ್ಟಿಸಿದ ವಚನಕಾರರು. ನೀರಿನ ನಡುವೆ ಗುಡಿ, ಪಕ್ಕದಲ್ಲಿ ಕೋಟೆ. ಮೆಟ್ಟಿಲ ಮೇಲೆ ಕೂತಾಗ ನಾನು ಕೇಳಬೇಕೆಂದಿದ್ದನ್ನು ಕೇಳಿದೆ: ಎಲ್ಲಿ ಖುಷಿಯಾಗಿರುತ್ತೀ?

"ಮಣಿಪಾಲ ಚಲೋ ಐತಿ ಮಾಮಾ. ಇದಕ್ಕಿಂತ ಭಾಳ ಚಲೋ ಐತಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅಲ್ಲಿ ನಂಗ ಫೇಲ್ ಆಗಲಿಕ್ಕೆ ಆಗಂಗಿಲ್ಲ" ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಲಾತೂರಿನಲ್ಲಿ ಪ್ರತಿ ಟೆಸ್ಟಿನಲ್ಲೂ ಅಂಕ ಇಳಿದಾಗ ಅವಳಿಗೆ ಕಾಣುತ್ತಿದ್ದದ್ದು ಕೋಚಿಂಗಿಗೆ ಅಪ್ಪ ಕಟ್ಟಿದ ಹಣ. ಅದು ಎರಡು ಮೂರು ಲಕ್ಷ. ಇಲ್ಲಿ 90. ಒಂದು ವಿಷಯ ಬಿದ್ದರೂ ನಿಂಬೆ ತೋಟ ಕಣ್ಣೆದುರು ಬರುತ್ತದೆ. ಎಂಬಿಬಿಎಸ್ ಆದಮೇಲೂ ಏನು ಓದಬೇಕು, ಎಲ್ಲಿ ಕೆಲಸ ಮಾಡಬೇಕು ಎಂಬುದನ್ನು ಆ 64 ಸಾವಿರವೇ ಹೇಳುತ್ತದೆ. ಕ್ಯಾಲೆಂಡರಿನ ಹಿಂದಿನ ಲೆಕ್ಕ ಅವಳೂ ನೋಡಿದ್ದಳು. "ಇಲ್ಲಿ ಒಂದು ಸಪ್ಲಿ ಬಂದ್ರೂ ಅಪ್ಪ ರಾತ್ರಿ ಮಲಗ್ತಾರ."

ಅಪ್ಪನ ಮೇಲಿನ ಕರುಣೆಗೆ ಹೀಗೆ ಹೇಳುತ್ತಿದ್ದಾಳೆಯೇ ಎಂದು ಅಕ್ಕ ಆಮೇಲೆ ನನ್ನನ್ನು ಎಷ್ಟೋ ಸಲ ಕೇಳಿದಳು. ಇರಬಹುದು, ಸ್ವಲ್ಪ. ಆದರೆ ಅಪ್ಪ ನಿದ್ದೆಗೆಟ್ಟರೆ ತನಗೂ ನಿದ್ದೆ ಬರುವುದಿಲ್ಲ ಎಂದು ಗೊತ್ತಿರುವ ಮಗಳಿಗೆ ಕರುಣೆಯನ್ನೂ ಖುಷಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡು ಎನ್ನುವುದು ಹೇಗೆ? ಬ್ಯಾಂಕಿನಲ್ಲಿ ಹಣ ಇರುವ ಮನೆಯ ಹುಡುಗಿ ಇದೇ ಎರಡು ಊರು ನೋಡಿ ಮಣಿಪಾಲ ಬರೆದರೆ ಅದೂ ನ್ಯಾಯವೇ. ಕೊನೆಗೆ ಡೀಮ್ಡ್ ಕೌನ್ಸೆಲಿಂಗಿಗೆ ಕಟ್ಟಬೇಕಾದ 2 ಲಕ್ಷದ ಠೇವಣಿಯನ್ನು ಭಾವ ಕಟ್ಟಲಿಲ್ಲ. ಕಟ್ಟಬೇಡಿ ಎಂದವಳು ಮಗಳು. ಮೊದಲ ಸುತ್ತಿನಲ್ಲೇ ಸೊಲ್ಲಾಪುರ ಸಿಕ್ಕಿತು.

ಈಗ ಮೊದಲ ವರ್ಷ ನಡೆಯುತ್ತಿದೆ. ಬಯೋಕೆಮಿಸ್ಟ್ರಿ ತಲೆಗೆ ಹತ್ತುತ್ತಿಲ್ಲವಂತೆ. ಏಪ್ರಿಲ್ ಬಿಸಿಲಿನ ಬಗ್ಗೆ ಸೀನಿಯರುಗಳು ಈಗಲೇ ಹೆದರಿಸಿಟ್ಟಿದ್ದಾರೆ. ಉಡುಪಿಯ ಮಳೆಯ ಫೋಟೊ ಇನ್ನೂ ಅವಳ ಮೊಬೈಲಿನ ವಾಲ್‌ಪೇಪರ್, ಅದನ್ನು ನೋಡಿ ಅಕ್ಕ ಸುಮ್ಮನಾಗುತ್ತಾಳೆ. ತಿಂಗಳಿಗೊಂದು ಶನಿವಾರ ಅಜ್ಜಿಯ ಹತ್ತಿರ ಹೋಗಿ ಒಂದು ಚೀಲ ನಿಂಬೆಹಣ್ಣು ಹಾಸ್ಟೆಲಿಗೆ ತರುತ್ತಾಳೆ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ, ಆ ಎತ್ತರದ ನಂದಿಧ್ವಜಗಳ ಮೆರವಣಿಗೆ ನೋಡಲು, ನಮ್ಮನ್ನೆಲ್ಲ ಕರೆದಿದ್ದಾಳೆ. ಸಿದ್ಧೇಶ್ವರದಲ್ಲಿ ಆಗಿನ ಟಿಕೆಟ್ ಆಗಲೇ ವೇಟಿಂಗ್ ತೋರಿಸುತ್ತಿದೆ.