ಐವತ್ತು ಮಂದಿಯ ಅನ್ನ, ಮುನ್ನೂರು ತಟ್ಟೆ

ಕೈಯಲ್ಲಿದ್ದ ಹಣ ಐವತ್ತು ಹುಡುಗಿಯರ ಊಟ, ಓದಿಗೆ ಸಾಲುವಷ್ಟು. ಕರೆತರಲು ಹೊರಟಿದ್ದು ಮುನ್ನೂರು ಮಂದಿಯನ್ನು. 1896-97ರ ಬರ ಮಧ್ಯಪ್ರಾಂತ್ಯವನ್ನು ಸುಡುತ್ತಿದ್ದಾಗ ಕ್ರೈಸ್ತ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಹಾಕಿಕೊಂಡ ಲೆಕ್ಕವಿದು. ಇಷ್ಟು ಜನಕ್ಕೆ ಎಲ್ಲಿಂದ ತಂದು ಹಾಕುತ್ತೀರಿ ಎಂದು ಹಿತೈಷಿಗಳೇ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ರಮಾಬಾಯಿಯ ಬಳಿ ಇದ್ದ ಉತ್ತರ ಒಂದೇ: ಕರ್ತನು ಒದಗಿಸುತ್ತಾನೆ.

ಹೊಟ್ಟೆ ತುಂಬಿದವರ ಬಾಯಲ್ಲಿ ಈ ಮಾತು ಹಗುರ. ರಮಾಬಾಯಿಗೆ ಹಸಿವಿನ ಪರಿಚಯ ಚೆನ್ನಾಗಿತ್ತು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮದೇ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ವಿರೋಧ ಕಟ್ಟಿಕೊಂಡವರು. ಕೈ ಬರಿದಾದ ಮೇಲೆ ಆ ಸಂಸಾರ ಪುರಾಣ ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. ಬರಗಾಲದಲ್ಲಿ ಒಮ್ಮೆ ಹನ್ನೊಂದು ದಿನ ನೀರು, ಸೊಪ್ಪು, ಒಂದು ಹಿಡಿ ಈಚಲ ಹಣ್ಣಿನಲ್ಲಿ ಜೀವ ಹಿಡಿದರು. ತಂದೆ ತೀರಿಕೊಂಡರು. ತಾಯಿ ಹಾಸಿಗೆ ಹಿಡಿದಾಗ ರಮಾಬಾಯಿ ನೆರೆಯವರ ಬಾಗಿಲಿಗೆ ಹೋಗಿ ಒಂದು ತುಂಡು ಸಜ್ಜೆ ರೊಟ್ಟಿ ಬೇಡಿದರು. ನೆರೆಮನೆಯಾಕೆ ಪ್ರೀತಿಯಿಂದಲೇ ಕೊಟ್ಟಳು. ಅದನ್ನು ಅಗಿದು ನುಂಗುವ ಶಕ್ತಿ ತಾಯಿಗೆ ಉಳಿದಿರಲಿಲ್ಲ.

ಆ ರೊಟ್ಟಿಯನ್ನು ಕಂಡವರು ಬರಪೀಡಿತ ಹುಡುಗಿಯರನ್ನು ಬಿಟ್ಟು ಬರುವುದು ಹೇಗೆ?

ರಮಾಬಾಯಿ ಪುಣೆಯಲ್ಲಿ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆ ಶಾರದಾ ಸದನಕ್ಕೆ ಅಮೆರಿಕದ ಸ್ನೇಹಿತರು ಕೊಡುತ್ತಿದ್ದ ನೆರವಿಗೆ ಹತ್ತು ವರ್ಷದ ಗಡುವಿತ್ತು. ಮುಂದಿನ ಖರ್ಚಿಗೆಂದು ರಮಾಬಾಯಿ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ನೆಡಿಸಿದ್ದರು. ಗಿಡಗಳಿನ್ನೂ ಎಳೆಯವು, ಅಷ್ಟರಲ್ಲಿ ಬರ ಬಂತು. ಪ್ಲೇಗಿನ ಭಯದಿಂದ ಪುಣೆಯಲ್ಲಿ ಹೊಸ ಹುಡುಗಿಯರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ಆ ತೋಟದಲ್ಲೇ ಚಪ್ಪರ ಎದ್ದವು. ಅದೇ ಮುಂದೆ ಮುಕ್ತಿ ಸದನವಾಯಿತು.

ನಾಳೆಯ ಚಿಂತೆ ಬೇಡ ಎನ್ನುವ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯವನ್ನು ಕೈಕಟ್ಟಿ ಕೂರಲು ಸಿಕ್ಕ ಅನುಮತಿಯಂತೆ ಓದುವವರಿದ್ದಾರೆ. ಕೇಡಗಾಂವ್‌ನಲ್ಲಿ ಆ ಓದಿಗೆ ಜಾಗವಿರಲಿಲ್ಲ. ಅಲ್ಲಿ ಬಾವಿ ತೋಡಿದರು, ಮಗ್ಗ ಹೂಡಿದರು, ಹುಡುಗಿಯರೇ ಮುದ್ರಣಾಲಯ ನಡೆಸಿದರು. ಬ್ರಿಸ್ಟಲ್‌ನಲ್ಲಿ ಯಾರ ಮುಂದೆಯೂ ಕೈಚಾಚದೆ, ಪ್ರಾರ್ಥನೆಯೊಂದನ್ನೇ ನೆಚ್ಚಿ ಸಾವಿರಾರು ಅನಾಥರನ್ನು ಸಾಕಿದ ಜಾರ್ಜ್ ಮುಲ್ಲರ್ ಅವರ ಕಥೆ ಓದಿ ರಮಾಬಾಯಿ ಧೈರ್ಯ ತಂದುಕೊಂಡಿದ್ದರು. ಪ್ರಾರ್ಥನೆ, ದುಡಿಮೆ ಎರಡೂ ಅವರಿಗೆ ಒಂದೇ ನಂಬಿಕೆಯ ಕೆಲಸ. ಹಣ ಬಂತು, ಜನರೂ ಬಂದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಉಣ್ಣುವವರು ಸುಮಾರು 2000 ಆದರು.

ದೇವರು ಒದಗಿಸಿದ ಎನ್ನುವಾಗ ಕಳೆದುಕೊಂಡದ್ದನ್ನೂ ಹೇಳಬೇಕು. ತಾಯಿಯ ಹೆಗಲಿಗೆ ಹೆಗಲು ಕೊಟ್ಟು, ಗುಲ್ಬರ್ಗದಲ್ಲಿ ಶಾಂತಿಸದನ ಶಾಲೆ ಕಟ್ಟಿದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ಆ ದುಃಖದಲ್ಲೂ ರಮಾಬಾಯಿ ಬೈಬಲ್ಲಿನ ಮರಾಠಿ ಅನುವಾದವನ್ನು ಕೈಬಿಡಲಿಲ್ಲ. ಅದನ್ನು ಮುಗಿಸಿಯೇ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ದುಃಖ ತಪ್ಪಿಸಿಕೊಳ್ಳಲೆಂದು ದೇವರನ್ನು ನಂಬಿದವರು ಇಷ್ಟು ದೂರ ನಡೆಯುತ್ತಿರಲಿಲ್ಲ.

ಮುಕ್ತಿ ಸದನ, ಅಂದರೆ ಈಗಿನ ಮುಕ್ತಿ ಮಿಷನ್, ಇಂದಿಗೂ ಹೆಣ್ಣುಮಕ್ಕಳಿಗೆ ಆಸರೆಯಾಗಿದೆ. ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಪುಣೆಗೆ ಹೋಗುವ ರೈಲು ದೌಂಡ್ ದಾಟಿದ ಮೇಲೆ ಕೇಡಗಾಂವ್ ಹಾದುಹೋಗುತ್ತದೆ. ಬಿಡುವಿದ್ದವರು ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬರಲಿ.