ಬಂದ್ ಸಮಾ

ರೋಜಾ ಅಂದ್ರೆ ಬೆಂಗಳೂರಿನ ನನ್ನ ಟೀಮಿನವರು ಹೂವು ಅಂದ್ಕೋತಾರೆ. ಕಲಬುರಗಿಯವರಿಗೆ ಅದು ಖ್ವಾಜಾ ಬಂದೇನವಾಜ್ ದರ್ಗಾದ ಸುತ್ತ ಬೆಳೆದ ಬಡಾವಣೆ. ಅರಬ್ಬಿಯ 'ರೌಜಾ' ಎಂದರೆ ತೋಟ, ಸಮಾಧಿಗೂ ಅದೇ ಮಾತು. ನಮ್ಮ ಬಾಯಲ್ಲಿ ರೋಜಾ ಆಗಿದೆ.

ಈ ಸಲ ಉರುಸಿಗೆ ರಜೆ ಹಾಕಿ ಹೋಗಿದ್ದೆ. ನಮ್ಮೂರು ಹುಮನಾಬಾದ್ ರಸ್ತೆಯ ಕಮಲಾಪುರ. ಅಪ್ಪ ಅಲ್ಲಿಂದ ಕೆಂಪು ಬಾಳೆಹಣ್ಣು ತಂದು ಕಲಬುರಗಿಯಲ್ಲಿ ಮಾರುತ್ತಿದ್ದರು. ಉರುಸು ಬಂತೆಂದರೆ ಮನೆಗೆ ಬರುವುದು ತಡ. ಕೇಳಿದರೆ, "ಬಂದ್ ಸಮಾ ಕೇಳ್ಲಿಕ್ಕ ಕುಂತಿದ್ದೆ" ಅನ್ನೋರು.

ಖವ್ವಾಲಿ ನಿಮಗೆ ಗೊತ್ತೇ ಇರುತ್ತೆ. ಹಾರ್ಮೋನಿಯಂ, ತಬಲಾ, ಚಪ್ಪಾಳೆ, ಎದುರಿಗೆ ಜನವೋ ಜನ. ಬಂದ್ ಸಮಾ ಹಾಗಲ್ಲ. ಬಾಗಿಲು ಮುಚ್ಚಿಕೊಂಡು ಒಳಗೆ ಪಾರ್ಸಿ ಪದ್ಯಗಳನ್ನು ಹಾಡುತ್ತಾರೆ, ಅದಕ್ಕೇ ಆ ಹೆಸರು. "ತಿಳಿಯದ ಭಾಷೆ, ಕಾಣದ ಹಾಡುಗಾರರು, ಹೊರಗೆ ಕೂತು ಏನ್ ಕೇಳ್ತೀರಪ್ಪಾ?" ಎಂದು ಇಂಜಿನಿಯರಿಂಗ್ ಓದುವಾಗ ನಕ್ಕಿದ್ದೆ. ಅಪ್ಪ ಏನೂ ಹೇಳಲಿಲ್ಲ. ಹೋದ ವರ್ಷ ತೀರಿಕೊಂಡರು.

ಅವ್ವ ಕೊಟ್ಟ ಬಾಳೆಹಣ್ಣಿನ ಚೀಲ ಹಿಡಿದು, ಅಪ್ಪನ ದೋಸ್ತ್ ಒಬ್ಬರ ಟೈಲರ್ ಅಂಗಡಿಗೆ ಹೋದೆ. "ಬಾ ಬೇಟಾ, ನಿಮ್ಮ ಅಪ್ಪಾರ ಜಾಗ ತೋರಸ್ತೀನಿ" ಎಂದರು ಚಾಚಾ.

ಬಂದೇನವಾಜರು 1398ರಲ್ಲಿ, ತೈಮೂರನ ದಾಳಿಯ ಹೊತ್ತಿಗೆ, ದೆಹಲಿ ಬಿಟ್ಟವರು. ಕಲಬುರಗಿಗೆ ಬರುವಾಗ ವಯಸ್ಸು ಎಂಬತ್ತರ ಹತ್ತಿರ. ಮೊದಲು ಕೋಟೆಯ ಪಕ್ಕದಲ್ಲಿದ್ದರು. ಜನ ಸೇರಿ ಗದ್ದಲ ಆಗುತ್ತೆ ಅಂತ ಸುಲ್ತಾನ ಫಿರೋಜ್ ಷಾ ದೂರ ಹೋಗಲು ಹೇಳಿದನಂತೆ. ಹಾಗೆ ಈ ಕಡೆ ಬಂದರು, 1422ರಲ್ಲಿ ಇಲ್ಲೇ ತೀರಿಕೊಂಡರು. ತಮಾಷೆ ಅಂದ್ರೆ ಫಿರೋಜ್ ಷಾನ ಗೋರಿಯೂ ದರ್ಗಾದ ಹತ್ತಿರದ ಹಫ್ತ್ ಗುಂಬಜಿನಲ್ಲೇ ಇದೆ. ಹೋದವರು ಅದನ್ನೂ ನೋಡಿ ಬನ್ನಿ, ಗಲಾಟೆಯೇ ಇರುವುದಿಲ್ಲ.

ಚಾಚಾ ತೋರಿಸಿದ್ದು ಒಂದು ಗೋಡೆಯ ಬುಡ. ಕೂತೆವು. ಒಳಗೆ ಒಬ್ಬರು ಸಾಲು ಎತ್ತಿದರು, ಉಳಿದವರು ಹಿಡಿದರು. ಮತ್ತೆ ಅದೇ ಸಾಲು. ಪ್ರತಿ ಸಲ ತುಸು ಮೇಲೆ. ನಾನು ಮೊಬೈಲ್ ತೆಗೆದು ರೆಕಾರ್ಡ್ ಒತ್ತಿದೆ. ಚಾಚಾ ಅದರ ಮೇಲೆ ಮೆಲ್ಲಗೆ ಅಂಗೈ ಇಟ್ಟರು.

"ಅವರು ಬಾಗಲಾ ಹಾಕ್ಕೊಂಡಾರ, ನೀ ತೆಗೀಲಿಕ್ಕ ಹೊಂಟೀಯೇನು?"

ಸುಮ್ಮನೆ ಜೇಬಿಗಿಟ್ಟೆ. ಆಮೇಲೆ ಎಷ್ಟು ಹೊತ್ತಾಯಿತೋ. ಒಂದು ಕಡೆ 'ದೋಸ್ತ್' ಎಂಬ ಪದ ಬಂತು. ಪಾರ್ಸಿಯಲ್ಲೂ ಅದೇ, ನಮ್ಮ ಕಲಬುರಗಿ ಕನ್ನಡದಲ್ಲೂ ಅದೇ. ಮತ್ತೆ ಬಂದಾಗ ಪಕ್ಕಕ್ಕೆ ತಿರುಗಿದೆ. ಚಾಚಾ ಟೊಪ್ಪಿಗೆ ಸರಿಮಾಡಿಕೊಳ್ಳುವವರ ಹಾಗೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಕಮಲಾಪುರದ ಬಸ್ಸು ತಪ್ಪಿತು. ಅವ್ವನಿಗೆ ಫೋನ್ ಮಾಡಿದೆ.

"ಇರ್ಲಿ, ಮುಂಜಾನೆ ಬಾ" ಅಂದಳು. "ಹಣ್ಣು ಹಣ್ಣಾಗಿದ್ದುವೇನು, ಕಾಯಿ ಇದ್ದುವೇನು?"