ಚೆನ್ನಮ್ಮನ ಸೀರೆ ಯಾವ ಬಣ್ಣ?

ಎದುರು ಮನೆಯ ಹುಡುಗಿಗೆ ಶಾಲೆಯಲ್ಲಿ ಛದ್ಮವೇಷ. ಕಿತ್ತೂರು ಚೆನ್ನಮ್ಮ, ಇನ್ನೇನು. ಮಂಡ್ಯದ ನಮ್ಮ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಸುತ್ತಮುತ್ತ ಆಗಸ್ಟ್ ಬಂತೆಂದರೆ ಬೀದಿಗೊಬ್ಬ ಚೆನ್ನಮ್ಮ ಹುಟ್ಟಿಕೊಳ್ಳುತ್ತಾಳೆ. ಹಿತ್ತಲ ತೆಂಗಿನ ಮರವನ್ನೇ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಮಾಡಿಕೊಂಡು, ರಟ್ಟಿನ ಕತ್ತಿ ಝಳಪಿಸುತ್ತ ಆ ಮಗು ಕಪ್ಪದ ಮಾತು ಒಪ್ಪಿಸುತ್ತಿತ್ತು. ಅವರಮ್ಮ ಬೇಲಿಯಾಚೆಯಿಂದಲೇ ಕೇಳಿದರು: “ಅಣ್ಣ, ಪಿಕ್ಚರ್‌ನಲ್ಲಿ ಸರೋಜಾದೇವಿ ಉಟ್ಟಿರೋದು ಯಾವ ಬಣ್ಣದ ಸೀರೆ?”

ಬಣ್ಣದ ವಿಷಯದಲ್ಲಿ ನನ್ನನ್ನು ಕೇಳುವುದು ಸರಿಯೇ. ಫಾರಂನ ಭತ್ತದ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಬಿಸಿಲಿಗೆ ಬೆನ್ನು ಕೊಟ್ಟು, ಎಲೆಯ ಮೇಲೆ ನಮ್ಮದೇ ನೆರಳು ಬೀಳಿಸಿಕೊಂಡು, ಬಣ್ಣದ ಪಟ್ಟಿಯ ಹಸಿರಿನ ಪಕ್ಕ ಎಲೆಯ ಹಸಿರನ್ನಿಟ್ಟು ನೋಡಬೇಕು. ಎಲೆ ತೆಳುಹಸಿರಾಗಿದ್ದರೆ ಯೂರಿಯಾ; ಕಡುಹಸಿರಾಗಿದ್ದರೆ ಸುಮ್ಮನೆ ಬದುವಿನ ಮೇಲೆ ಮನೆಗೆ. ಆದರೆ 1961ರ ಆ ‘ಕಿತ್ತೂರು ಚೆನ್ನಮ್ಮ’ ಚಿತ್ರಕ್ಕೆ ಯಾವ ಪಟ್ಟಿ ಹಿಡಿಯಲಿ? ಅದು ಕಪ್ಪು-ಬಿಳುಪು.

ಇದರಲ್ಲಿ ನನಗೊಂದು ಹಳೆಯ ತಕರಾರಿದೆ. ಚೆನ್ನಮ್ಮನ ಚಿತ್ರ ತೆಗೆದ ಬಿ.ಆರ್. ಪಂತುಲು ಅದಕ್ಕೆ ಎರಡು ವರ್ಷ ಮೊದಲು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದರಲ್ಲ, ಅದು ಬಣ್ಣದಲ್ಲಿತ್ತು. ಅದೇ ಪಂತುಲು, ಅದೇ ಬ್ರಿಟಿಷರು, ಅದೇ ಕಪ್ಪದ ಜಗಳ. ಕಟ್ಟಬೊಮ್ಮನಿಗೆ ಬಣ್ಣ, ಚೆನ್ನಮ್ಮನಿಗೆ ಬೂದಿ! ಕನ್ನಡದ ಮಾರುಕಟ್ಟೆ ಚಿಕ್ಕದು ಅಂತ ಸಮಾಧಾನ ಮಾಡಿಕೊಳ್ಳಬಹುದು. ನಾನು ಮಾಡಿಕೊಂಡಿಲ್ಲ.

ಏಕೆಂದರೆ ಬಣ್ಣ ಸರೋಜಾದೇವಿಯವರ ಬೆನ್ನು ಹತ್ತಿ ಬಂದದ್ದು ಎನ್ನುವುದು ನನ್ನ ಸಿದ್ಧಾಂತ. 1958ರಲ್ಲಿ ಎಂ.ಜಿ.ಆರ್. ತಾವೇ ನಿರ್ದೇಶಿಸಿದ ‘ನಾಡೋಡಿ ಮನ್ನನ್’ ನೋಡಿ. ಮೊದಲರ್ಧ ಕಪ್ಪು-ಬಿಳುಪು, ನಾಯಕಿ ಭಾನುಮತಿ. ನಡುವೆ ಆ ಪಾತ್ರ ಸಾಯುತ್ತದೆ, ಸರೋಜಾದೇವಿ ಬರುತ್ತಾರೆ, ಚಿತ್ರಕ್ಕೆ ಬಣ್ಣವೂ ಬರುತ್ತದೆ. ಆರು ವರ್ಷದ ನಂತರ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’. ಕಲ್ಯಾಣ್ ಕುಮಾರ್ ಜೊತೆ ನಾಯಕಿ ಯಾರು? ಇವರೇ. 1966ರಲ್ಲಿ ಎ.ವಿ.ಎಂ. ತನ್ನ ಮೊದಲ ತಮಿಳು ವರ್ಣಚಿತ್ರ ‘ಅನ್ಬೇ ವಾ’ ತೆಗೆದಾಗಲೂ ಇವರೇ. 1956ರ ‘ಅಲಿಬಾಬಾ’ದಲ್ಲೇ ತಮಿಳಿಗೆ ಬಣ್ಣ ಬಂದಿತ್ತು, ಅಲ್ಲಿದ್ದದ್ದು ಭಾನುಮತಿ ಎಂದು ತಿಳಿದವರು ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ. ಸಿದ್ಧಾಂತ ನನ್ನದು.

ಈ ಸಿದ್ಧಾಂತಕ್ಕೆ ಏಕೈಕ ಸಾಕ್ಷಿ ನಮ್ಮ ಸೋದರತ್ತೆ. ಆಗೆಲ್ಲ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಎತ್ತಿನಗಾಡಿಯಲ್ಲೇ ಕಬ್ಬು ಹೋಗಬೇಕು. ಗಾಡಿಗಳ ಸಾಲು ತೂಕದ ಕಟ್ಟೆಯಿಂದ ಎಲ್ಲಿಯವರೆಗೋ ನಿಂತಿರುತ್ತಿತ್ತು. ಸರದಿ ಬರುವ ಹೊತ್ತಿಗೆ ರಾತ್ರಿಯೇ ಕಳೆಯಬಹುದು. ತಾತ ಎತ್ತುಗಳ ಕೊರಳು ಬಿಚ್ಚಿ, ನೊಗಕ್ಕೆ ತಲೆಯಾನಿಸಿ ಮಲಗಿದ ಮೇಲೆ, ಅತ್ತೆ ಮತ್ತು ಅವರ ಅಣ್ಣಂದಿರು ಕಬ್ಬು ಜಗಿಯುತ್ತ ಟಾಕೀಸಿಗೆ ನುಸುಳಿದ್ದರು. ಜಕಣಾಚಾರಿಯ ಕತೆ ಕೇಳಿದರೆ ಅತ್ತೆಗೆ ಇವತ್ತು ಒಂದು ಎಳೆಯೂ ನೆನಪಿಲ್ಲ. ಕಪ್ಪೆ, ಕಲ್ಲು, ಮಗ, ಏನೂ ಇಲ್ಲ. “ತುಟಿ ಕೆಂಪಗಿತ್ತು ಕಣ್ಲಾ” ಅನ್ನುತ್ತಾರೆ, ಅಷ್ಟೇ. ಅದುವರೆಗೆ ಸಿನಿಮಾದವರ ತುಟಿ ಕಪ್ಪಗೇ ಇರುತ್ತದೆ ಎಂದುಕೊಂಡಿದ್ದರಂತೆ. ಆಮೇಲೆ ಕುಂಕುಮವನ್ನೇ ತುಟಿಗೆ ಹಚ್ಚಿಕೊಂಡು ಅಜ್ಜಿಯಿಂದ ಬೆನ್ನಿಗೆ ಗುದ್ದಿಸಿಕೊಂಡದ್ದೂ ಉಂಟು.

ಅತ್ತೆಗೆ ಸರೋಜಾದೇವಿ ನಟಿಯಲ್ಲ, “ನಮ್ಮ ಕಡೆ ಹೆಣ್ಣು”. ಮದ್ದೂರು ದಾಟಿದರೆ ಚನ್ನಪಟ್ಟಣ, ಅಲ್ಲಿ ದಶವಾರ. ಅವರ ಪೂರ್ವಿಕರ ಊರು. ಪೊಲೀಸ್ ಇಲಾಖೆಯ ಭೈರಪ್ಪನವರ ಮಗಳು 1955ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ಕ್ಕೆ ಬಣ್ಣ ಹಚ್ಚಿದರು. ತೋಳಿಲ್ಲದ ರವಿಕೆ, ಈಜುಡುಗೆ ಕೂಡದು ಎಂದು ತಾಯಿ ರುದ್ರಮ್ಮ ಹಾಕಿದ ಗೆರೆಯನ್ನು ದಾಟದೆಯೇ ನಾಲ್ಕು ಭಾಷೆ ಸುತ್ತಿಬಂದರು. ಅವರ ತಮಿಳಿನಲ್ಲಿ ಕನ್ನಡದ ಎಳೆತ ಹೋಗಲೇ ಇಲ್ಲ. ಮದರಾಸಿನವರು ಅದನ್ನೇ ಮೆಚ್ಚಿ ಕನ್ನಡದ ಗಿಳಿ ಎಂದರು. ನಮ್ಮ ಮಂಡ್ಯದವರ ಮಾತಿಗೆ ಬೆಂಗಳೂರಿನಲ್ಲಿ ಅಂಥ ಭಾಗ್ಯವಿಲ್ಲ, ಇರಲಿ. ಪದ್ಮಶ್ರೀ 1969ರಲ್ಲಿ, ಪದ್ಮಭೂಷಣ 1992ರಲ್ಲಿ. ಎರಡೂ ಅತ್ತೆಯ ಲೆಕ್ಕಕ್ಕಿಲ್ಲ. ಕುತ್ತಿಗೆಯನ್ನು ಒಂದು ಪಕ್ಕ ವಾಲಿಸಿ ಕಣ್ಣರಳಿಸುವುದನ್ನು ಅವರು ಇವತ್ತಿಗೂ ಮಾಡಿ ತೋರಿಸುತ್ತಾರೆ, ಮೊಣಕಾಲು ನೋವಿನ ನಡುವೆಯೂ.

ಸೀರೆಯ ಪ್ರಶ್ನೆಯನ್ನು ಅತ್ತೆಯ ಮುಂದಿಟ್ಟೆ. ಕ್ಷಣವೂ ತಡೆಯಲಿಲ್ಲ. “ಹಸುರು. ಕೆಂಪು ಅಂಚು.” ಹೇಗೆ ಗೊತ್ತು ಎಂದರೆ, “ನೋಡಿದ್ರೆ ಗೊತ್ತಾಗಕಿಲ್ವಾ?” ಎದುರು ಮನೆಯವರು ನಂಬಿಕೊಂಡು ಅಂಗಡಿಗೆ ಹೋದರು. ನಾನೂ ಸುಮ್ಮನಿದ್ದೆ. ಭತ್ತದ ಪಟ್ಟಿಯಲ್ಲಿ ಅದು ಎಷ್ಟನೇ ಹಸಿರು ಎಂದು ಮಾತ್ರ ಕೇಳಬೇಕೆನ್ನಿಸಿತ್ತು.

2025ರ ಜುಲೈನಲ್ಲಿ ಸರೋಜಾದೇವಿಯವರು ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದರು, ದಶವಾರದಲ್ಲೇ ಮಣ್ಣಾಯಿತು. ಅತ್ತೆ ಅವತ್ತು ಟಿ.ವಿ. ಮುಂದಿನಿಂದ ಏಳಲಿಲ್ಲ, ಅತ್ತದ್ದೂ ಕಾಣಲಿಲ್ಲ. ಅವರಿಗೆ ಉಳಿದಿರುವುದು 2019ರ ‘ನಟಸಾರ್ವಭೌಮ’ದ ಸಿಟ್ಟು. 1984ರ ‘ಯಾರಿವನು’ದಲ್ಲಿ ಸರೋಜಾದೇವಿಯವರ ಜೊತೆಗಿದ್ದ ಪುಟ್ಟ ಪುನೀತ್ ಅಷ್ಟು ಹೊತ್ತಿಗೆ ದೊಡ್ಡ ಹೀರೋ. ಅತ್ತೆ ಮೊಮ್ಮಕ್ಕಳ ಜೊತೆ ಹೋಗಿದ್ದು ಪುನೀತನಿಗಾಗಿ ಅಲ್ಲವೇ ಅಲ್ಲ. ಸರೋಜಾದೇವಿಯವರದು ಚಿಕ್ಕ ಪಾತ್ರ. ಬಂದರು, ಹೋದರು.

“ಅಷ್ಟೊತ್ತು ಕುಂತು ನೋಡಿದ್ರೆ ಇಷ್ಟೇನಾ?” ಎಂದು ಈಗಲೂ ಜಗಳ ತೆಗೆಯುತ್ತಾರೆ. “ಮೂರು ಜನುದ್ ಟಿಕೀಟ್ ಕಾಸು. ಪಾಪ್‌ಕಾರ್ನ್ ಬೇರೆ.”